ಹಳೆಯ ಸೈಕಲ್‌ಗೆ ಮರುಜೀವ

ಮಕ್ಕಳೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಮೂಲೆ ಸೇರಿದ ಹಳೆಯ ಸೈಕಲ್ ಇದ್ದೀತು. ಟಯರು ಸೀಳಿ, ಚೈನು ತುಕ್ಕು ಹಿಡಿದು, ಪೆಡಲು ತಿರುಗದೆ ನಿಂತ ಸೈಕಲನ್ನು ಸಾಮಾನ್ಯವಾಗಿ ಗುಜರಿಗೆ ಹಾಕುತ್ತಾರೆ. ಆದರೆ ಇಟಲಿ ದೇಶದಲ್ಲಿ ಐವತ್ತು ಅರವತ್ತು ವರ್ಷ ಹಳೆಯದಾದ ರೇಸ್ ಸೈಕಲ್‌ಗಳನ್ನು ಹುಡುಕಿ ತಂದು, ಒಂದೊಂದು ಭಾಗವನ್ನೂ ಬಿಚ್ಚಿ ಸರಿಪಡಿಸಿ, ಮತ್ತೆ ಓಡಿಸುವವರಿದ್ದಾರೆ. ಅವರ ಕೆಲಸದಲ್ಲಿ ಕೈಚಳಕ ಎಷ್ಟಿದೆಯೋ ವಿಜ್ಞಾನವೂ ಅಷ್ಟೇ ಇದೆ. ಬನ್ನಿ, ಅಂಥ ಒಂದು ಸೈಕಲನ್ನು ನಾವೂ ಮನಸ್ಸಿನಲ್ಲೇ ಬಿಚ್ಚಿ ನೋಡೋಣ.

ಇಟಲಿಯ ಸೈಕಲ್‌ಗೆ ಏಕೆ ಇಷ್ಟು ಹೆಸರು?

ಎಡೊಆರ್ಡೊ ಬಿಯಾಂಕಿ ಎಂಬವರು 1885ರಲ್ಲಿ ಮಿಲಾನ್ ನಗರದಲ್ಲಿ ಸೈಕಲ್ ತಯಾರಿಕೆ ಆರಂಭಿಸಿದರು. ಬಿಯಾಂಕಿ ಸೈಕಲ್ ಏರಿದ ಫಾಸ್ಟೊ ಕೊಪ್ಪಿ 1949 ಮತ್ತು 1952ರಲ್ಲಿ ಪ್ರಸಿದ್ಧ ‘ಟೂರ್ ದ ಫ್ರಾನ್ಸ್’ ಸ್ಪರ್ಧೆಯನ್ನು ಗೆದ್ದರು.

ಇನ್ನೊಂದು ಸ್ವಾರಸ್ಯದ ಕಥೆ ಕೇಳಿ. 1920ರ ದಶಕದಲ್ಲಿ ರೇಸಿನಲ್ಲಿ ಗೇರು ಬದಲಿಸಬೇಕಾದರೆ ಹಿಂದಿನ ಚಕ್ರವನ್ನೇ ಬಿಚ್ಚಿ ತಿರುಗಿಸಿ ಹಾಕಬೇಕಿತ್ತು. ಹಿಮ ಬೀಳುತ್ತಿದ್ದ ಒಂದು ಬೆಟ್ಟದ ದಾರಿಯಲ್ಲಿ ಟುಲ್ಲಿಯೊ ಕಂಪನ್ಯೋಲೊ ಎಂಬ ಸ್ಪರ್ಧಿಯ ಬೆರಳುಗಳು ಮರಗಟ್ಟಿದವಂತೆ. ಚಕ್ರದ ನಟ್ಟು ಬಿಚ್ಚಲಾಗದೆ ಅವರು ಸೋತರಂತೆ. ಆಮೇಲೆ, ಒಂದೇ ಹಿಡಿಯನ್ನು ಎಳೆದರೆ ಚಕ್ರ ಕಳಚುವ ಸಾಧನವನ್ನು ಅವರು ರೂಪಿಸಿದರಂತೆ. ಇಂದಿಗೂ ಅನೇಕ ಸೈಕಲ್‌ಗಳಲ್ಲಿ ಅದೇ ತತ್ವದ ಹಿಡಿ ಇದೆ.

ಮೊದಲು ಪರೀಕ್ಷೆ, ಆಮೇಲೆ ರಿಪೇರಿ

ಹಳೆಯ ರೇಸ್ ಸೈಕಲ್‌ನ ಫ್ರೇಮು ಉಕ್ಕಿನ ಕೊಳವೆಗಳಿಂದ ಆದದ್ದು. ತೂಕ ಕಡಿಮೆಯಾಗಲೆಂದು ಕೊಳವೆಯ ಗೋಡೆಯನ್ನು ಬಹಳ ತೆಳುವಾಗಿ ಮಾಡುತ್ತಿದ್ದರು. ಮಿಲಾನಿನ ಕೊಲಂಬಸ್ ಕಂಪನಿಯ ಒಂದು ಬಗೆಯ ಕೊಳವೆಯಲ್ಲಿ ಗೋಡೆಯ ದಪ್ಪ ತುದಿಗಳಲ್ಲಿ 0.9 ಮಿಲಿಮೀಟರ್, ನಡುವೆ ಕೇವಲ 0.6 ಮಿಲಿಮೀಟರ್! ತುದಿಗಳಲ್ಲಿ ಏಕೆ ದಪ್ಪ? ಕೊಳವೆಗಳು ಒಂದಕ್ಕೊಂದು ಸೇರುವ ಕಡೆ ಬಲ ಹೆಚ್ಚಾಗಿ ಬೀಳುತ್ತದೆ. ಬೆಸುಗೆಯ ಶಾಖವನ್ನು ತಾಳುವುದೂ ಅಲ್ಲಿಯೇ.

ಇಷ್ಟು ತೆಳುವಾದ ಗೋಡೆಯನ್ನು ಒಳಗಿನಿಂದ ತುಕ್ಕು ತಿಂದಿದ್ದರೆ? ಹೊರಗೆ ಬಣ್ಣ ಚೆನ್ನಾಗಿಯೇ ಕಾಣಬಹುದು. ಆದರೆ ಬೆಟ್ಟ ಇಳಿಯುವಾಗ ಫ್ರೇಮು ಮುರಿದರೆ ಸವಾರನ ಪ್ರಾಣಕ್ಕೇ ಅಪಾಯ. ಆದ್ದರಿಂದ ಕುಶಲಕರ್ಮಿ ಮೊದಲು ದೀಪ ಹಿಡಿದು ಕೊಳವೆಯ ಒಳಗೆ ನೋಡುತ್ತಾನೆ. ಬಣ್ಣ ಉಬ್ಬಿದೆಯೇ, ಕೂದಲೆಳೆಯಂಥ ಬಿರುಕು ಇದೆಯೇ, ಹ್ಯಾಂಡಲ್ ಬುಡದ ಕೊಳವೆ ಸುಕ್ಕುಗಟ್ಟಿದೆಯೇ ಎಂದು ಬೆರಳಾಡಿಸಿ ಪರೀಕ್ಷಿಸುತ್ತಾನೆ. ಫ್ರೇಮು ಗಟ್ಟಿಯಾಗಿದ್ದರೆ ಮಾತ್ರ ಮುಂದಿನ ಕೆಲಸ.

ಬಾರದ ಸೀಟು

ಈಗ ಸೀಟು ತೆಗೆಯೋಣ. ಅಯ್ಯೋ, ಅದು ಅಲುಗುವುದೇ ಇಲ್ಲ! ಸೀಟಿನ ಕಂಬ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದು ಕೂತಿರುವ ಕೊಳವೆ ಉಕ್ಕಿನದು. ಎರಡು ಬೇರೆ ಬೇರೆ ಲೋಹಗಳು ತಾಗಿರುವ ಕಡೆ ಮಳೆನೀರು ಅಥವಾ ಉಪ್ಪಿನ ಬೆವರು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಉಂಟಾಗುತ್ತದೆ. ಅಲ್ಯೂಮಿನಿಯಂ ನಿಧಾನವಾಗಿ ಸವೆದು ಬಿಳಿಯ ಪುಡಿಯಾಗುತ್ತದೆ. ಆ ಪುಡಿ ಸಂದಿನಲ್ಲಿ ತುಂಬಿ ಕಂಬವನ್ನು ಬಿಗಿದು ಹಿಡಿಯುತ್ತದೆ.

ಬೆಂಕಿಯಿಂದ ಕಾಯಿಸಿದರೆ ಬಂದೀತೇ? ಯೋಚಿಸಿ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಳಗಿನ ಕಂಬವೇ ಹೆಚ್ಚು ಹಿಗ್ಗಿದರೆ ಇನ್ನಷ್ಟು ಬಿಗಿಯಾಗುವುದಿಲ್ಲವೇ? ಅದಕ್ಕೇ ಜಾಣ ಕುಶಲಕರ್ಮಿ ಸಂದಿಗೆ ತೆಳುವಾದ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯುತ್ತಾನೆ. ಕಂಬಕ್ಕೆ ಮಂಜುಗಡ್ಡೆ ಒತ್ತುತ್ತಾನೆ. ತಣ್ಣಗಾದ ಅಲ್ಯೂಮಿನಿಯಂ ಹೆಚ್ಚು ಕುಗ್ಗಿ ಸಡಿಲವಾಗುತ್ತದೆ. ಮತ್ತೆ ಕೂರಿಸುವಾಗ ಗ್ರೀಸ್ ಸವರಿದರೆ ನೀರು ಒಳಗೆ ಹೋಗದು.

ಯಾವ ಕಡೆಗೆ ತಿರುಗಿಸಬೇಕು?

ಪೆಡಲುಗಳ ನಡುವಿನ ಅಚ್ಚು ಎರಡು ಲೋಹದ ಬಟ್ಟಲುಗಳ ನಡುವೆ ತಿರುಗುತ್ತದೆ. ಈ ಬಟ್ಟಲುಗಳನ್ನು ತಿರುಪಿನಂತೆ ಫ್ರೇಮಿಗೆ ಬಿಗಿದಿರುತ್ತಾರೆ. ಇಂಗ್ಲೆಂಡ್ ಪದ್ಧತಿಯ ಸೈಕಲ್‌ನಲ್ಲಿ ಬಲಗಡೆಯ ಬಟ್ಟಲಿನದು ಎಡ ತಿರುಪು. ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ತಿರುಗಿಸಬೇಕು. ಇಟಲಿ ಪದ್ಧತಿಯಲ್ಲಿ ಎರಡೂ ಕಡೆ ಬಲ ತಿರುಪು. ಇದು ತಿಳಿಯದೆ ತಪ್ಪು ದಿಕ್ಕಿಗೆ ಬಲವಾಗಿ ತಿರುಗಿಸಿದರೆ ಫ್ರೇಮಿನ ತಿರುಪುಗೆರೆಗಳೇ ಕಿತ್ತುಹೋದಾವು. ಬಲಕ್ಕಿಂತ ತಿಳಿವಳಿಕೆ ದೊಡ್ಡದು ಅಲ್ಲವೇ?

ಬಟ್ಟಲಿನೊಳಗೆ ಉಕ್ಕಿನ ಸಣ್ಣ ಗುಂಡುಗಳಿವೆ. ಜಾರುವ ವಸ್ತುವಿಗಿಂತ ಉರುಳುವ ವಸ್ತುವಿಗೆ ಘರ್ಷಣೆ ಕಡಿಮೆ. ಗಟ್ಟಿಯಾಗಿ ಅಂಟಿಕೊಂಡ ಹಳೆಯ ಗ್ರೀಸನ್ನು ತೊಳೆದು, ಸವೆದ ಗುಂಡುಗಳನ್ನು ಬದಲಿಸಿ, ಹೊಸ ಗ್ರೀಸ್ ತುಂಬಿದರೆ ಅಚ್ಚು ಮತ್ತೆ ಹಗುರವಾಗಿ ತಿರುಗುತ್ತದೆ.

ಗೇರಿನ ಲೆಕ್ಕ

ಮುಂದಿನ ಹಲ್ಲುಚಕ್ರದಲ್ಲಿ 52 ಹಲ್ಲು, ಹಿಂದಿನದರಲ್ಲಿ 13 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬಂದಾಗ ಹಿಂದಿನ ಚಕ್ರ 52 ÷ 13 = 4 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಆದ್ದರಿಂದ ಸೈಕಲ್ 8.4 ಮೀಟರ್ ಮುಂದೆ ಹೋಗುತ್ತದೆ. ಏರಿನಲ್ಲಿ 42 ಮತ್ತು 24 ಹಲ್ಲುಗಳ ಚಕ್ರಗಳಿಗೆ ಚೈನು ಬದಲಿಸಿದರೆ ದೂರ ಸುಮಾರು 3.7 ಮೀಟರ್ ಮಾತ್ರ. ಆದರೆ ತುಳಿಯುವುದು ಹಗುರ. ದೂರ ಬಿಟ್ಟುಕೊಟ್ಟು ಬಲವನ್ನು ಉಳಿಸುವುದೇ ಗೇರಿನ ಗುಟ್ಟು.

ಹೊಸ ಬಣ್ಣ ಬೇಕೆ?

ಎಲ್ಲ ಮುಗಿದ ಮೇಲೆ ಒಂದು ಕಷ್ಟದ ಪ್ರಶ್ನೆ. ಅಲ್ಲಲ್ಲಿ ಗೀರಿದ ಹಳೆಯ ಬಣ್ಣವನ್ನು ಕೆರೆದು ಹೊಸದು ಬಳಿಯಬೇಕೆ? ಬಳಿದರೆ ಸೈಕಲ್ ಮಿನುಗುತ್ತದೆ, ಉಕ್ಕಿಗೂ ರಕ್ಷಣೆ. ಆದರೆ ಅದನ್ನು ಮಾಡಿದವರ ಕೈಗುರುತು, ಅದು ಓಡಿದ ದಾರಿಯ ನೆನಪು ಎಲ್ಲ ಅಳಿಸಿಹೋಗುತ್ತದೆ. ಹೊಸ ಬಣ್ಣವನ್ನು ಎಷ್ಟು ಸಲವಾದರೂ ಹಚ್ಚಬಹುದು. ಮೂಲ ಬಣ್ಣ ಇರುವುದು ಒಂದೇ ಸಲ. ಹೀಗಾಗಿ ತುಕ್ಕು ಆಳಕ್ಕೆ ಇಳಿದಿಲ್ಲವಾದರೆ ಹಲವರು ಸೈಕಲನ್ನು ಒರೆಸಿ, ಮೇಣ ಹಚ್ಚಿ ಹಾಗೆಯೇ ಉಳಿಸುತ್ತಾರೆ. ಇಟಲಿಯ ಗಾಯೋಲೆ ಎಂಬ ಊರಿನಲ್ಲಿ 1997ರಲ್ಲಿ ಆರಂಭವಾದ ‘ಎರೋಯಿಕಾ’ ಎಂಬ ಸವಾರಿಯಲ್ಲಿ ಇಂಥ ಹಳೆಯ ಸೈಕಲ್‌ಗಳು ಬಿಳಿ ಜಲ್ಲಿಯ ದಾರಿಯಲ್ಲಿ ಸಾಲಾಗಿ ಓಡುತ್ತವೆ.

ಮಾಡಿ ನೋಡಿ

ತುಕ್ಕು ಹಿಡಿದ ಎರಡು ಮೊಳೆಗಳನ್ನು ಒಂದು ರಾತ್ರಿ ನಿಂಬೆರಸದಲ್ಲಿ ನೆನೆಸಿ. ಬೆಳಿಗ್ಗೆ ಉಜ್ಜಿ ತೊಳೆದು, ಚೆನ್ನಾಗಿ ಒರೆಸಿ. ತುಕ್ಕು ಏನಾಯಿತು? ಈಗ ಒಂದಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಸವರಿ. ಎರಡನ್ನೂ ಒದ್ದೆ ಬಟ್ಟೆಯ ಮೇಲಿಟ್ಟು ನಾಲ್ಕು ದಿನ ಗಮನಿಸಿ. ಯಾವುದು ಮೊದಲು ಕೆಂಪಾಗುತ್ತದೆ? ಕಾರಣ ಬರೆಯಿರಿ. ಮೊಳೆಯ ಮೊನೆ ಕೈಗೆ ಚುಚ್ಚದಂತೆ ಎಚ್ಚರ!

ಯೋಚಿಸಿ ಉತ್ತರಿಸಿ

1. ನಿಮ್ಮ ಶಾಲೆಗೆ ಬರುವ ಒಂದು ಸೈಕಲ್‌ನ ಹಿಂದು ಮುಂದಿನ ಹಲ್ಲುಗಳನ್ನು ಎಣಿಸಿ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ?
2. ಸೈಕಲ್‌ನ ಎಡ ಪೆಡಲಿಗೆ ಎಡ ತಿರುಪು ಇರುತ್ತದೆ. ಏಕೆ? ನಿಮ್ಮ ಊರಿನ ಸೈಕಲ್ ರಿಪೇರಿಯವರನ್ನು ಕೇಳಿ ತಿಳಿಯಿರಿ.
3. ಆ ಹಳೆಯ ಸೈಕಲ್ ನಿಮ್ಮದಾಗಿದ್ದರೆ ಹೊಸ ಬಣ್ಣ ಬಳಿಯುತ್ತಿದ್ದಿರಾ? ಗೆಳೆಯರೊಂದಿಗೆ ಚರ್ಚಿಸಿ.