ವಿದ್ಯಾಪಟ್ಟಣದ ನೆರೆಯ ಹಿಡುವಳಿದಾರರೂ ವರಮಾನ ತೆರಿಗೆಯ ಲೆಕ್ಕಪತ್ರವೂ

ಧಾರವಾಡವು ಬಹುಕಾಲದಿಂದ ವಿದ್ಯಾಸ್ಥಾನವೆಂದು ಹೆಸರಾದ ಪಟ್ಟಣವು. ೧೯೧೭ ರಲ್ಲಿ ಕರ್ನಾಟಕ ಕಾಲೇಜೂ ೧೯೪೭ ರಲ್ಲಿ ಕೃಷಿ ಕಾಲೇಜೂ ಇಲ್ಲಿ ಸ್ಥಾಪಿತವಾದುವು. ೧೯೪೯ ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾನಿಲಯವು ಮರುವರ್ಷವೇ ಇಲ್ಲಿಗೆ ಬಂದು ನೆಲಸಿತು. ೧೯೮೬ ರಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವೂ ೨೦೧೬ ರಲ್ಲಿ ಐ.ಐ.ಟಿ.ಯೂ ಅವುಗಳೊಡನೆ ಸೇರಿದುವು. ವಿದ್ಯಾರ್ಥಿಗಳು ನೆರೆದ ಕಡೆ ಬಾಡಿಗೆಯ ಕೋಣೆಗಳೂ ಖಾನಾವಳಿಗಳೂ ಪುಸ್ತಕದ ಅಂಗಡಿಗಳೂ ಹಾಲಿನ ವರ್ತನೆಗಳೂ ಹೆಚ್ಚುವುದು ಸಹಜ. ನೆರೆಯ ಹಳ್ಳಿಗಳಲ್ಲಿ ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವವರೂ ಮಾವಿನ ತೋಟವುಳ್ಳವರೂ ಪಟ್ಟಣದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವುದುಂಟು; ಬೀಜ ಗೊಬ್ಬರದ ಅಂಗಡಿ ಇಡುವುದುಂಟು. ಹೀಗೆ ಒಂದೇ ಮನೆತನಕ್ಕೆ ಹೊಲದಿಂದಲೂ ಪಟ್ಟಣದಿಂದಲೂ ಹಣ ಬರುತ್ತದೆ.

ಇಂಥವರಲ್ಲಿ “ರೈತನಿಗೆ ವರಮಾನ ತೆರಿಗೆ ಇಲ್ಲ” ಎಂಬ ನಂಬಿಕೆಯು ಬಲವಾಗಿದೆ. ಈ ಮಾತು ಅರ್ಧ ಮಾತ್ರ ನಿಜ. ತೆರಿಗೆಯಿಂದ ವಿನಾಯಿತಿ ಇರುವುದು ಸಾಗುವಳಿಯ ಹುಟ್ಟುವಳಿಗೆ. ಸಾಗುವಳಿ ಮಾಡುವ ಮನುಷ್ಯನಿಗಲ್ಲ. ಈ ಭೇದವನ್ನು ಅರಿಯದೆ ಎರಡು ಬಗೆಯ ಹಣವನ್ನು ಒಂದೇ ಚೀಲದಲ್ಲಿ ಹಾಕಿದವರು, ನ್ಯಾಯವಾಗಿ ತಮಗೆ ಸಲ್ಲಬೇಕಾದ ವಿನಾಯಿತಿಯನ್ನೇ ರುಜುವಾತುಪಡಿಸಲಾರದೆ ಕಷ್ಟಕ್ಕೆ ಗುರಿಯಾಗುತ್ತಾರೆ. ಆದಕಾರಣ ಈ ವಿಷಯವನ್ನು ಕ್ರಮವಾಗಿ ತಿಳಿಯುವುದು ಅವಶ್ಯಕವಾಗಿದೆ.

೧. ಸಾಗುವಳಿಯ ವರಮಾನ ಯಾವುದು?

ಹಿಂದೂದೇಶದಲ್ಲಿ ವರಮಾನ ತೆರಿಗೆಯು ಮೊದಲು ವಿಧಿಸಲ್ಪಟ್ಟದ್ದು ೧೮೬೦ ರಲ್ಲಿ. ೧೮೮೬ ರ ಕಾಯಿದೆಯು ಸಾಗುವಳಿಯ ವರಮಾನವನ್ನು ತೆರಿಗೆಯಿಂದ ಹೊರಗಿಟ್ಟಿತು. ೧೯೨೨ ರ ಕಾಯಿದೆಯೂ ೧೯೬೧ ರ ಕಾಯಿದೆಯೂ ಅದೇ ಪದ್ಧತಿಯನ್ನು ಅನುಸರಿಸಿದುವು. ೨೦೨೫ ರಲ್ಲಿ ಅಂಗೀಕೃತವಾದ ಹೊಸ ಕಾಯಿದೆಯು ೨೦೨೬ ನೆಯ ಏಪ್ರಿಲ್ ೧ ರಿಂದ ಅನ್ವಯಿಸುವಂತೆ ಗೊತ್ತುಮಾಡಲ್ಪಟ್ಟಿತು. ಅದರಲ್ಲಿಯೂ ಈ ವಿನಾಯಿತಿ ಉಳಿದಿದೆ. ಈ ಲೇಖನದಲ್ಲಿ ಕೊಟ್ಟಿರುವ ದರಗಳೂ ಮೊತ್ತಗಳೂ, ಬೇರೆ ವರ್ಷವನ್ನು ಹೆಸರಿಸಿದ ಕಡೆ ಹೊರತು, ೨೦೨೫–೨೬ ನೆಯ ಸಾಲಿನವು.

ಭೂಮಿಯನ್ನು ಉಳುವುದು, ಬಿತ್ತುವುದು, ನೆಡುವುದು ಮುಂತಾದ ಮೂಲಕೆಲಸಗಳು ನಡೆದಲ್ಲದೆ ಸಾಗುವಳಿಯಾಗದೆಂದು ಸುಪ್ರೀಂ ಕೋರ್ಟು ೧೯೫೭ ರಲ್ಲಿ ತೀರ್ಮಾನಿಸಿತು. ಈ ಸೂತ್ರವನ್ನು ಹಿಡಿದು ನೋಡಿದರೆ ಬಹುಪಾಲು ಸಂದೇಹಗಳು ಪರಿಹಾರವಾಗುವುವು.

ಜೋಳವನ್ನು ಒಕ್ಕಿ ತೂರುವುದು, ಮೆಣಸಿನಕಾಯಿಯನ್ನು ಒಣಗಿಸುವುದು ಮುಂತಾಗಿ ಮಾಲನ್ನು ಪೇಟೆಗೆ ಒಯ್ಯಲು ರೈತರು ವಾಡಿಕೆಯಾಗಿ ಮಾಡುವ ಕೆಲಸಗಳೂ ಸಾಗುವಳಿಗೇ ಸೇರುವುವು. ನರ್ಸರಿಯಲ್ಲಿ ಬೆಳೆಸಿದ ಸಸಿಗಳನ್ನು ಮಾರಿ ಬಂದ ಹಣವೂ ಸಾಗುವಳಿಯದೇ. ಆದರೆ ಹಸು ಎಮ್ಮೆ ಕಟ್ಟಿ ಹಾಲು ಮಾರಿದ ಲಾಭ, ಕೋಳಿ ಸಾಕಣೆಯ ಲಾಭ, ಜೇನು ಸಾಕಣೆಯ ಲಾಭ, ಇವು ರೈತನ ಹಿತ್ತಿಲಿನಲ್ಲಿಯೇ ಹುಟ್ಟಿದರೂ ಸಾಗುವಳಿಯ ವರಮಾನವಲ್ಲ. ತನ್ನ ತೋಟದ ಮಾವಿನಕಾಯಿಯಿಂದ ಉಪ್ಪಿನಕಾಯಿ ಮಾಡಿ ಮಾರುವವನಿಗೆ ಕಾಯಿಯ ಪೇಟೆಯ ಬೆಲೆಯಷ್ಟು ಸಾಗುವಳಿಯ ಲೆಕ್ಕಕ್ಕೂ, ಅದಕ್ಕೆ ಮೀರಿದ ಲಾಭ ವ್ಯಾಪಾರದ ಲೆಕ್ಕಕ್ಕೂ ಸೇರುತ್ತದೆ. ಕಾಫಿಯ ವಿಷಯದಲ್ಲಿ ನಿಯಮವೇ ಪ್ರಮಾಣವನ್ನು ಗೊತ್ತುಮಾಡಿದೆ: ಬೆಳೆದವನೇ ಸಂಸ್ಕರಿಸಿ ಮಾರಿದರೆ ನೂರಕ್ಕೆ ೨೫ ರಷ್ಟು, ಹುರಿದು ಪುಡಿಮಾಡಿ ಮಾರಿದರೆ ನೂರಕ್ಕೆ ೪೦ ರಷ್ಟು ವ್ಯಾಪಾರದ ವರಮಾನವೆನಿಸುವುದು.

೨. ವಿನಾಯಿತಿ ಇದ್ದರೂ ಹೊಲದ ವರಮಾನವನ್ನು ತಿಳಿಸುವುದೇಕೆ?

೧೯೭೩ ರಿಂದ ಒಂದು ವಿಶೇಷ ನಿಯಮವು ಜಾರಿಯಲ್ಲಿದೆ. ಸಾಗುವಳಿಯ ನಿವ್ವಳ ವರಮಾನವು ವರ್ಷಕ್ಕೆ ರೂ. ೫,೦೦೦ ಮೀರಿ, ಇತರ ವರಮಾನವೂ ತೆರಿಗೆಯಿಲ್ಲದ ಮೊದಲ ಮಿತಿಯನ್ನು ಮೀರಿದ್ದರೆ, ತೆರಿಗೆಯ ದರವನ್ನು ನಿರ್ಣಯಿಸುವ ಸಲುವಾಗಿ ಮಾತ್ರ ಎರಡನ್ನೂ ಕೂಡಿಸಿ ನೋಡತಕ್ಕದ್ದು. ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಧಾರವಾಡದ ನೆರೆಯ ಒಬ್ಬ ಹಿಡುವಳಿದಾರನಿಗೆ ಹೊಲದಿಂದ ಖರ್ಚು ಕಳೆದು ರೂ. ೬,೦೦,೦೦೦ ಉಳಿಯಿತೆಂದು ಇಟ್ಟುಕೊಳ್ಳಬಹುದು. ಪಟ್ಟಣದ ಅವನ ಮನೆಯಲ್ಲಿ ವಿದ್ಯಾರ್ಥಿಗಳಿದ್ದು ವರ್ಷಕ್ಕೆ ರೂ. ೯,೨೦,೦೦೦ ಬಾಡಿಗೆ ಬಂದಿತು. ಅದರಲ್ಲಿ ಅವನು ಸಲ್ಲಿಸಿದ ಮನೆ ತೆರಿಗೆ ರೂ. ೨೦,೦೦೦ ನ್ನು ಕಳೆದು, ಉಳಿದ ರೂ. ೯,೦೦,೦೦೦ ಕ್ಕೆ ನೂರಕ್ಕೆ ೩೦ ರಂತೆ ರೂ. ೨,೭೦,೦೦೦ ನ್ನು ಕಾಯಿದೆಯ ಮೇರೆಗೆ ಬಿಟ್ಟರೆ, ಮನೆಯ ವರಮಾನ ರೂ. ೬,೩೦,೦೦೦ ಆಗುವುದು. ಅವನ ಬೀಜ ಗೊಬ್ಬರದ ಅಂಗಡಿಯ ಮಾರಾಟ ರೂ. ೪೫ ಲಕ್ಷ, ಅದರಲ್ಲಿ ೩೦ ಲಕ್ಷ ಬ್ಯಾಂಕಿನ ಮೂಲಕವೂ ೧೫ ಲಕ್ಷ ನಗದಾಗಿಯೂ ಬಂದುದು. ಸಣ್ಣ ವ್ಯಾಪಾರಿಗಳಿಗಾಗಿ ಇರುವ ಅಂದಾಜು ಪದ್ಧತಿಯಂತೆ ಬ್ಯಾಂಕಿನ ಮೂಲಕ ಬಂದುದಕ್ಕೆ ನೂರಕ್ಕೆ ೬, ನಗದಿಗೆ ನೂರಕ್ಕೆ ೮ ಲಾಭವೆಂದು ಹಿಡಿದರೆ ರೂ. ೧,೮೦,೦೦೦ ಕ್ಕೆ ರೂ. ೧,೨೦,೦೦೦ ಸೇರಿ ರೂ. ೩,೦೦,೦೦೦. ಠೇವಣಿಯ ಬಡ್ಡಿ ರೂ. ೭೦,೦೦೦. ಅಂತು ಹೊಲವನ್ನು ಬಿಟ್ಟು ಅವನ ವರಮಾನ ರೂ. ೧೦,೦೦,೦೦೦.

ಹೊಸ ತೆರಿಗೆ ಕ್ರಮದಲ್ಲಿ ೧೨ ಲಕ್ಷದವರೆಗೆ ತೆರಿಗೆ ಇಲ್ಲವೆಂದು ಕೇಳಿದ ಆ ಹಿಡುವಳಿದಾರನು ನಿಶ್ಚಿಂತನಾಗಿರುತ್ತಾನೆ. ಆದರೆ ನಿಯಮದ ಮೇರೆಗೆ ಲೆಕ್ಕ ಹೀಗೆ ನಡೆಯುತ್ತದೆ. ಹೊಲದ ೬ ಲಕ್ಷವನ್ನು ಕೂಡಿಸಿದರೆ ೧೬ ಲಕ್ಷ. ಅದರ ಮೇಲಿನ ತೆರಿಗೆ ರೂ. ೧,೨೦,೦೦೦. ಹೊಲದ ೬ ಲಕ್ಷಕ್ಕೆ ತೆರಿಗೆಯಿಲ್ಲದ ಮಿತಿಯಾದ ೪ ಲಕ್ಷವನ್ನು ಸೇರಿಸಿದರೆ ೧೦ ಲಕ್ಷ; ಅದರ ಮೇಲಿನ ತೆರಿಗೆ ರೂ. ೪೦,೦೦೦. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ರೂ. ೮೦,೦೦೦. ಇದರಲ್ಲಿ ರಿಯಾಯಿತಿಯಾಗಿ ಹೆಚ್ಚೆಂದರೆ ರೂ. ೬೦,೦೦೦ ದೊರೆಯುತ್ತದೆ. ಉಳಿದ ರೂ. ೨೦,೦೦೦ ಕ್ಕೆ ನೂರಕ್ಕೆ ೪ ರ ಉಪಕರವನ್ನು ಸೇರಿಸಿದರೆ ರೂ. ೨೦,೮೦೦ ಸಲ್ಲಿಸಬೇಕಾಗುತ್ತದೆ. ಹೊಲವಿಲ್ಲದ ವ್ಯಾಪಾರಿಯೊಬ್ಬನಿಗೆ ಇಷ್ಟೇ ವರಮಾನಕ್ಕೆ ಏನೂ ಬರುತ್ತಿರಲಿಲ್ಲ. ಹೊಲದ ವರಮಾನವನ್ನು ಬರೆಯದೆ ಬಿಟ್ಟವನು, ತಿಳಿದೋ ತಿಳಿಯದೆಯೋ, ಈ ಹಣವನ್ನು ಮರೆಮಾಚಿದಂತಾಗುವುದು.

ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ಹೊಲದ ಹೊರತು ಠೇವಣಿಯ ಬಡ್ಡಿ ರೂ. ೭೦,೦೦೦ ಮಾತ್ರ ಇರುವ ಒಬ್ಬ ಮಧ್ಯವಯಸ್ಸಿನ ವಿಧವೆಯ ಬಡ್ಡಿಯಲ್ಲಿ ಬ್ಯಾಂಕು ನೂರಕ್ಕೆ ೧೦ ರಂತೆ ರೂ. ೭,೦೦೦ ಮುರಿದುಕೊಂಡಿರಬಹುದು. ಅವಳು ತೆರಿಗೆ ಕೊಡಬೇಕಾದವಳೇ ಅಲ್ಲ. ಆದರೂ ರಿಟರ್ನು ಸಲ್ಲಿಸಿ ಕೇಳಿದ ಹೊರತು ಆ ಹಣ ಹಿಂದಿರುಗುವುದಿಲ್ಲ. ತೆರಿಗೆ ಬರುವುದಿಲ್ಲವೆಂಬ ಘೋಷಣಾ ಪತ್ರವನ್ನು ವರ್ಷದ ಆರಂಭದಲ್ಲಿಯೇ ಬ್ಯಾಂಕಿಗೆ ಕೊಟ್ಟಿದ್ದರೆ ಹಣ ಮುರಿಯುವ ಸಂದರ್ಭವೇ ಬರುತ್ತಿರಲಿಲ್ಲ. ಗ್ರಾಮದ ಹಿರಿಯರು ಇಂಥವರಿಗೆ ತಿಳಿಯಹೇಳಿದರೆ ದೊಡ್ಡ ಉಪಕಾರವಾಗುವುದು.

೩. ತಕ್ಕ ನಮೂನೆ

ರಿಟರ್ನಿನ ನಮೂನೆಗಳು ಹಲವು. ೨೦೨೪–೨೫ ನೆಯ ಸಾಲಿನವುಗಳಲ್ಲಿ ಅಂದಾಜು ಪದ್ಧತಿಯ ವ್ಯಾಪಾರಿಗಳಿಗೆ ಐ.ಟಿ.ಆರ್.–೪ ಎಂಬ ಸುಲಭ ನಮೂನೆ ಇತ್ತು. ಆದರೆ ಸಾಗುವಳಿಯ ವರಮಾನವು ರೂ. ೫,೦೦೦ ಮೀರಿದವರು ಅದನ್ನು ಉಪಯೋಗಿಸುವಂತಿರಲಿಲ್ಲ. ಮೇಲಿನ ಉದಾಹರಣೆಯಂಥವರಿಗೆ ಸಲ್ಲತಕ್ಕದ್ದು ಐ.ಟಿ.ಆರ್.–೩. ಸುಲಭವೆಂದು ತಪ್ಪು ನಮೂನೆಯನ್ನು ತುಂಬಿದರೆ ರಿಟರ್ನು ದೋಷಯುಕ್ತವೆನಿಸಿ ತಿದ್ದುವಂತೆ ನೋಟೀಸು ಬರುವ ಸಂಭವವಿದೆ. ಸಾಗುವಳಿಯ ನಿವ್ವಳ ವರಮಾನವು ೫ ಲಕ್ಷ ಮೀರಿದ್ದರೆ ಜಮೀನು ಇರುವ ಜಿಲ್ಲೆ, ಪಿನ್ ಸಂಖ್ಯೆ, ವಿಸ್ತೀರ್ಣ, ಅದು ಸ್ವಂತದ್ದೋ ಅಲ್ಲವೋ, ನೀರಾವರಿಯೋ ಮಳೆಯಾಶ್ರಯವೋ ಎಂಬುದನ್ನೂ ಬರೆಯಬೇಕಾಗುತ್ತದೆ. ಆದ್ದರಿಂದ ಪಹಣಿಯ ಪ್ರತಿಯು ಸಲಹೆಗಾರನ ಬಳಿಗೆ ಹೋಗುವಾಗ ಕೈಯಲ್ಲಿರತಕ್ಕದ್ದು.

೪. ಸಲಹೆಗಾರನನ್ನು ಆರಿಸುವ ಬಗೆ

ಪಟ್ಟಣದಲ್ಲಿ ಈ ಕೆಲಸವನ್ನು ಚಾರ್ಟರ್ಡ್ ಅಕೌಂಟೆಂಟರೂ ತೆರಿಗೆಯ ವಕೀಲರೂ ಇತರ ತೆರಿಗೆ ಸಲಹೆಗಾರರೂ ಮಾಡುತ್ತಾರೆ. ಜುಲೈ ತಿಂಗಳಿನಲ್ಲಿ ಮಾತ್ರ ಫಲಕ ತೂಗಹಾಕಿ ಆಮೇಲೆ ಕಾಣದೆ ಹೋಗುವವರೂ ಇಲ್ಲದಿಲ್ಲ. ನೋಟೀಸು ಬಂದ ಕಾಲದಲ್ಲಿ ಸಿಕ್ಕುವವನೇ ಉತ್ತಮ ಸಲಹೆಗಾರನು.

ಕೆಳಗಿನ ಗುರುತುಗಳನ್ನು ನೆನಪಿನಲ್ಲಿಡತಕ್ಕದ್ದು. ಒಳ್ಳೆಯ ಸಲಹೆಗಾರನು ಮೊದಲು ಕಾಗದಪತ್ರಗಳನ್ನು ಕೇಳುವನು. ಕೆಟ್ಟವನು ಮೊದಲು ಎಷ್ಟು ಹಣ ವಾಪಸು ಕೊಡಿಸುವೆನೆಂದು ಹೇಳುವನು. ವಾಪಸು ಬಂದ ಹಣದಲ್ಲಿ ಪಾಲು ಕೇಳುವವನನ್ನು ದೂರವಿಡುವುದು ಲೇಸು. ಅಂಗಡಿಯ ಲಾಭವನ್ನು ಹೊಲದ ವರಮಾನವೆಂದು ಬರೆಯೋಣವೆಂದು ಸೂಚಿಸುವವನು ಹಿತವಂತನಲ್ಲ. ಪೋರ್ಟಲಿನಲ್ಲಿ ಹಿಡುವಳಿದಾರನ ಫೋನು ಸಂಖ್ಯೆಯ ಬದಲಾಗಿ ತನ್ನದನ್ನು ಕೊಡುವವನ ಕೈಗೆ ಇಲಾಖೆಯ ನೋಟೀಸುಗಳೆಲ್ಲ ಸೇರಿ, ಸಂಬಂಧಪಟ್ಟವನಿಗೆ ತಿಳಿಯುವುದೇ ಇಲ್ಲ. ಮಾಡಿದ ಕೆಲಸಕ್ಕೆ ರಸೀದಿಯನ್ನೂ ಸಲ್ಲಿಸಿದ ರಿಟರ್ನಿನ ಪ್ರತಿಯನ್ನೂ ಕೇಳಿ ಪಡೆಯತಕ್ಕದ್ದು.

ರಿಟರ್ನನ್ನು ಯಾರೇ ಬರೆದಿರಲಿ, ಅದರ ಹೊಣೆ ರುಜು ಮಾಡಿದವನದು. ವರಮಾನವನ್ನು ಕಡಮೆ ತೋರಿಸಿದ್ದಕ್ಕೆ ಆ ಭಾಗದ ತೆರಿಗೆಯ ನೂರಕ್ಕೆ ೫೦ ರಷ್ಟೂ, ಸುಳ್ಳಾಗಿ ತೋರಿಸಿದ್ದಕ್ಕೆ ನೂರಕ್ಕೆ ೨೦೦ ರಷ್ಟೂ ದಂಡವನ್ನು ಕಾಯಿದೆಯು ವಿಧಿಸಿದೆ. ೨೦೨೫ ನೆಯ ಜುಲೈ ತಿಂಗಳಿನಲ್ಲಿ ವರಮಾನ ತೆರಿಗೆ ಇಲಾಖೆಯು ಸುಳ್ಳು ಕಡಿತಗಳನ್ನು ಬರೆದುಕೊಟ್ಟವರ ಮೇಲೆ ದೇಶದ ೧೫೦ ಸ್ಥಳಗಳಲ್ಲಿ ತಪಾಸಣೆ ನಡೆಸಿತು.

೫. ಇಡತಕ್ಕ ಲೆಕ್ಕ

ಎರಡು ಪುಸ್ತಕಗಳು ಸಾಕು: ಒಂದು ಹೊಲದ್ದು, ಇನ್ನೊಂದು ಉಳಿದುದರದ್ದು. ಸಾಧ್ಯವಾದರೆ ಬ್ಯಾಂಕಿನ ಖಾತೆಗಳೂ ಎರಡಿರಲಿ. ಹೊಲದ ಪುಸ್ತಕದಲ್ಲಿ ಬಿತ್ತಿದ ಬೆಳೆ, ಎಕರೆ, ಬಂದ ಕ್ವಿಂಟಲು, ಮಾರಿದ ದಿನ ಮತ್ತು ಧಾರಣೆಯನ್ನು ಒಂದು ಕಡೆಯೂ, ಬೀಜ, ಗೊಬ್ಬರ, ಕೂಲಿ, ಬಾಡಿಗೆಯ ಟ್ರಾಕ್ಟರು, ಸಾಗಾಣಿಕೆಗಳ ಖರ್ಚನ್ನು ಇನ್ನೊಂದು ಕಡೆಯೂ ಬರೆಯತಕ್ಕದ್ದು. ಕೃಷಿ ಮಾರುಕಟ್ಟೆಯ ಪಟ್ಟಿಗಳನ್ನೂ ಅಡತಿಯವರ ಚೀಟಿಗಳನ್ನೂ ಗೊಬ್ಬರದ ಬಿಲ್ಲುಗಳನ್ನೂ ತಾರೀಖಿನ ಮೇರೆಗೆ ಪೋಣಿಸಿಡಬೇಕು.

ಇದರ ಪ್ರಯೋಜನವು ಸಂಕಟಕಾಲದಲ್ಲಿ ತಿಳಿಯುವುದು. ಉಳಿತಾಯ ಖಾತೆಗೆ ವರ್ಷದಲ್ಲಿ ೧೦ ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದು ಜಮೆಯಾದರೆ ಬ್ಯಾಂಕುಗಳು ಇಲಾಖೆಗೆ ವರದಿ ಮಾಡುವುವು. ಹತ್ತಿಯನ್ನು ಮಾರಿ ಬಂದ ಹಣವೇ ಆದರೂ ಅದರ ಮೂಲವನ್ನು ತೋರಿಸಲು ಚೀಟಿ ಇಲ್ಲದಿದ್ದರೆ, ವಿನಾಯಿತಿಯ ಹಣವೂ ವಿವರಣೆಯಿಲ್ಲದ ಹಣವೆನಿಸಿ ಹೆಚ್ಚಿನ ದರದ ತೆರಿಗೆಗೆ ಒಳಗಾಗಬಹುದು. ಬೆವರು ಸುರಿಸಿ ಬೆಳೆದುದನ್ನು ಒಂದು ಕಾಗದದ ಚೂರಿಲ್ಲದೆ ಕಳೆದುಕೊಳ್ಳುವುದಕ್ಕಿಂತ ದುಃಖಕರವಾದುದು ಬೇರೊಂದಿಲ್ಲ.

ಅಂಗಡಿಯುಳ್ಳವರು ಇನ್ನೊಂದನ್ನು ತಿಳಿದಿರಬೇಕು. ಸರಕು ಮಾರುವವರ ವಹಿವಾಟು ವರ್ಷಕ್ಕೆ ೪೦ ಲಕ್ಷ ಮೀರಿದರೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಅವಶ್ಯಕ. ಸ್ವಂತ ಹೊಲದ ಬೆಳೆಯನ್ನು ಮಾತ್ರ ಮಾರುವ ರೈತನಿಗೆ ಅದು ಬೇಕಿಲ್ಲ.

೬. ಕಾಲಕ್ರಮ

ಮುರಿದುಕೊಂಡ ತೆರಿಗೆಯನ್ನು ಕಳೆದು ಕೊಡಬೇಕಾದುದು ವರ್ಷಕ್ಕೆ ರೂ. ೧೦,೦೦೦ ಅಥವಾ ಹೆಚ್ಚಾಗಿದ್ದರೆ ವರ್ಷ ಮುಗಿಯುವ ಮೊದಲೇ ಮುಂಗಡವಾಗಿ ಕಟ್ಟತಕ್ಕದ್ದು. ಅಂದಾಜು ಪದ್ಧತಿಯವರಿಗೆ ಅದರ ಕಡೆಯ ದಿನ ಮಾರ್ಚ್ ೧೫. ಮೇಲಿನ ಉದಾಹರಣೆಯವನ ಬಡ್ಡಿಯಲ್ಲಿಯೂ ಬ್ಯಾಂಕು ರೂ. ೭,೦೦೦ ಮುರಿದಿದ್ದರೆ ಉಳಿಯುವುದು ರೂ. ೧೩,೮೦೦, ಅವನೂ ಮುಂಗಡ ಕಟ್ಟಬೇಕಾದವನೇ. ತಡಮಾಡಿದರೆ ತಿಂಗಳಿಗೆ ನೂರಕ್ಕೆ ೧ ರಂತೆ ಬಡ್ಡಿ ಬೀಳುವುದು.

ರಿಟರ್ನು ಸಲ್ಲಿಸುವ ಕಡೆಯ ದಿನವು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ೨೦೨೪–೨೫ ನೆಯ ಸಾಲಿಗೆ ಜುಲೈ ೩೧ ರ ದಿನವನ್ನು ಸೆಪ್ಟೆಂಬರ್ ೧೬ ರ ವರೆಗೆ ಮುಂದೂಡಿದ್ದರು. ಆದಕಾರಣ ಆಯಾ ವರ್ಷದ ಪ್ರಕಟಣೆಯನ್ನು ನೋಡತಕ್ಕದ್ದು. ಗಡುವು ಮೀರಿದರೆ ರೂ. ೫,೦೦೦, ಒಟ್ಟು ವರಮಾನ ೫ ಲಕ್ಷ ಮೀರದವರಿಗೆ ರೂ. ೧,೦೦೦ ತಡದ ಶುಲ್ಕವಿದೆ. ಸಲ್ಲಿಸಿದ ಮೇಲೆ ೩೦ ದಿನಗಳೊಳಗೆ ಆಧಾರ್ ಮೂಲಕವೋ ಬೇರೆ ವಿಧದಿಂದಲೋ ಅದನ್ನು ದೃಢೀಕರಿಸದಿದ್ದರೆ ಸಲ್ಲಿಸಿದ ತಾರೀಖು ಲೆಕ್ಕಕ್ಕೆ ಬಾರದು.

ಸಾರಾಂಶ

ಸಲಹೆಗಾರನ ಬಳಿಗೆ ಹೋಗುವವರು ಒಯ್ಯತಕ್ಕ ಕಾಗದಪತ್ರಗಳು ಇವು: ಪ್ಯಾನ್ ಮತ್ತು ಆಧಾರ್, ಎಲ್ಲ ಬ್ಯಾಂಕು ಖಾತೆಗಳ ವರ್ಷದ ವಿವರ, ಪಹಣಿ, ಹೊಲದ ಪುಸ್ತಕ ಮತ್ತು ಮಾರಾಟದ ಪಟ್ಟಿಗಳು, ಬಾಡಿಗೆಯ ಕರಾರು, ಮನೆ ತೆರಿಗೆಯ ರಸೀದಿ, ಅಂಗಡಿಯ ಲೆಕ್ಕ, ಹಿಂದಿನ ವರ್ಷದ ರಿಟರ್ನು. ಇಲಾಖೆಯ ಪೋರ್ಟಲಿನಲ್ಲಿ ಸಿಕ್ಕುವ ವಾರ್ಷಿಕ ಮಾಹಿತಿ ಪತ್ರಿಕೆಯನ್ನು ಇವುಗಳೊಡನೆ ತಾಳೆ ನೋಡಿಸಿ, ಪ್ರತಿಯೊಂದು ಅಂಕಿಯನ್ನೂ ಓದಿಸಿ ಕೇಳಿದ ಬಳಿಕ ಸಮ್ಮತಿ ಕೊಡತಕ್ಕದ್ದು.

ಸಲಹೆಗಾರನ ಜಾಣತನವು ಹಿಡುವಳಿದಾರನು ತಂದ ಚೀಟಿಗಳನ್ನು ಮೀರಿ ಹೋಗಲಾರದು. ಬಿತ್ತನೆಯ ದಿನವೇ ಹೊಲದ ಪುಸ್ತಕವನ್ನು ತೆರೆದವನಿಗೆ ಸುಗ್ಗಿಯ ನಂತರ ತೆರಿಗೆಯ ಭಯವಿರುವುದಿಲ್ಲ. ಗ್ರಾಮದ ಮುಖಂಡರು ತಾವು ಮೊದಲು ಈ ಕ್ರಮವನ್ನು ಅನುಸರಿಸಿ, ಯುಗಾದಿಯ ಪಂಚಾಂಗ ಶ್ರವಣಕ್ಕೆ ನೆರೆದವರಿಗೆ ಅದನ್ನು ತಿಳಿಸಿದರೆ, ಹೊಸ ಲೆಕ್ಕದ ವರ್ಷವು ಅದೇ ಕಾಲದಲ್ಲಿ ಆರಂಭವಾಗುವುದರಿಂದ, ಊರಿನವರೆಲ್ಲರಿಗೂ ಅನುಕೂಲವಾಗುವುದು.