‘ಸರ್ವರ್ ಡೌನ್’ ಎನ್ನುವ ಮುನ್ನ

ವಿದ್ಯಾರ್ಥಿವೇತನದ ಅರ್ಜಿ ಹಾಕಲು ಕೂತಾಗ ಎಸ್‌ಎಸ್‌ಪಿ ಪೋರ್ಟಲ್ ತೆರೆಯದಿದ್ದರೆ ‘ಸರ್ವರ್ ಡೌನ್’ ಎಂದುಬಿಡುತ್ತೇವೆ. ಲ್ಯಾಬ್‌ನಲ್ಲಿ ಮೈಎಸ್‌ಕ್ಯೂಎಲ್ ಕನೆಕ್ಟ್ ಆಗದಿದ್ದರೂ ಅದೇ ಮಾತು. ಆದರೆ ದೋಷ ನಮ್ಮ ಕಂಪ್ಯೂಟರಿನಲ್ಲೇ ಇರಬಹುದು. ಸೈಬರ್ ಸೆಂಟರ್‌ಗೆ ಓಡುವ ಮೊದಲು ಪರದೆಯ ಮೇಲಿನ ಸಂದೇಶವನ್ನು ಓದಿ, ಹೀಗೆ ಪರೀಕ್ಷಿಸಿ.

1. ಬೇರೆ ವೆಬ್‌ಸೈಟ್‌ಗಳೂ ತೆರೆಯುತ್ತಿಲ್ಲವೇ? ಕೇಬಲ್, ವೈಫೈ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ ಕೊಟ್ಟಾಗ ವಿಳಾಸ 169.254 ಎಂದು ಆರಂಭವಾದರೆ, ರೂಟರ್‌ನಿಂದ ಐಪಿ ವಿಳಾಸ ಸಿಕ್ಕಿಲ್ಲ.

2. ಸರ್ಟಿಫಿಕೇಟ್ ದೋಷ: ಕಂಪ್ಯೂಟರಿನ ದಿನಾಂಕ ನೋಡಿ. ಒಳಗಿನ ಸಿಎಂಒಎಸ್ ಬ್ಯಾಟರಿ ಮುಗಿದಿದ್ದರೆ ದಿನಾಂಕ ವರ್ಷಗಳಷ್ಟು ಹಿಂದೆ ಹೋಗಿರುತ್ತದೆ. ಬ್ರೌಸರ್ ಸರ್ಟಿಫಿಕೇಟನ್ನು ಒಪ್ಪುವುದಿಲ್ಲ.

3. ‘ಸರ್ವರ್ ನಾಟ್ ಫೌಂಡ್’: ವಿಳಾಸದಲ್ಲಿ ಅಕ್ಷರ ತಪ್ಪಿರಬಹುದು, ಇಲ್ಲವೇ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಉತ್ತರಿಸುತ್ತಿಲ್ಲ.

4. ‘ಕನೆಕ್ಷನ್ ರೆಫ್ಯೂಸ್ಡ್’: ಸಾಮಾನ್ಯವಾಗಿ, ಯಂತ್ರ ಸಿಕ್ಕಿದೆ, ಆದರೆ ಕೇಳಿದ ಪೋರ್ಟ್‌ನಲ್ಲಿ ಸೇವೆ ನಡೆಯುತ್ತಿಲ್ಲ ಎಂದರ್ಥ. ಮೈಎಸ್‌ಕ್ಯೂಎಲ್‌ಗೆ ಸಾಮಾನ್ಯ ಪೋರ್ಟ್ 3306. ವಿಂಡೋಸ್‌ನ ‘ಸರ್ವಿಸಸ್’ನಲ್ಲಿ ಅದನ್ನು ಸ್ಟಾರ್ಟ್ ಮಾಡಿ.

5. ‘ಟೈಮ್ಡ್ ಔಟ್’: ಉತ್ತರವೇ ಬಂದಿಲ್ಲ. ಫೈರ್‌ವಾಲ್ ತಡೆದಿರಬಹುದು. ಅದನ್ನು ಆಫ್ ಮಾಡಬೇಡಿ; ಉಪನ್ಯಾಸಕರಿಗೆ ತಿಳಿಸಿ.

6. ‘503’: ಕೋರಿಕೆ ತಲುಪಿದೆ, ಸರ್ವರ್‌ಗೆ ಸದ್ಯ ಸೇವೆ ಕೊಡಲಾಗುತ್ತಿಲ್ಲ. ಇಲ್ಲಿ ‘ಸರ್ವರ್ ಡೌನ್’ ಎನ್ನಬಹುದು. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ಮತ್ತೆ ಮತ್ತೆ ರಿಫ್ರೆಶ್ ಒತ್ತಿದರೆ ದಟ್ಟಣೆ ಹೆಚ್ಚುತ್ತದೆ.

ಸಂದೇಶದ ಫೋಟೊ ತೆಗೆದಿಟ್ಟುಕೊಂಡರೆ ಸಹಾಯ ಕೇಳುವುದು ಸುಲಭ. ಅರ್ಜಿಯನ್ನು ಕೊನೆಯ ದಿನದವರೆಗೆ ಎಳೆಯದಿದ್ದರೆ ಇಷ್ಟೆಲ್ಲ ಪರೀಕ್ಷಿಸಲು ಸಮಯವೂ ಇರುತ್ತದೆ.