ಹಾರಲು ಕಲಿಯುವವರಿಗೆ



ಕಳವಾದ ಆಕಾಶದಲ್ಲಿ ವಿಮಾನದ ಸದ್ದು ಕೇಳಿದಾಗ ತಲೆಯೆತ್ತಿ ನೋಡದ ಬಾಲಕ ಬಾಲಿಕೆಯರು ವಿರಳ. 2025ರಲ್ಲಿ ನವಿ ಮುಂಬಯಿಯ ವಿಮಾನ ನಿಲ್ದಾಣವು ಉದ್ಘಾಟನೆಗೊಂಡು, ಆಕಾಶಯಾನವು ನಮ್ಮ ನೆರೆಗೇ ಬಂದಂತಾಗಿದೆ. ‘ನಾನೂ ವಿಮಾನ ನಡೆಸಬಲ್ಲೆನೇ?’ ಎಂಬ ಆಸೆ ನಿಮ್ಮಲ್ಲಿ ಕೆಲವರಿಗಾದರೂ ಮೂಡಿರಬೇಕು. ಅದರ ಬೆನ್ನಿಗೇ, ‘ಕನ್ನಡ ಶಾಲೆಯಲ್ಲಿ ಓದಿದ ನನಗೆ ಅದು ಸಾಧ್ಯವೇ?’ ಎಂಬ ಅಳುಕೂ ಮೂಡಿರಬಹುದು.

ಹಾರಾಟವು ಹುಟ್ಟಿನಿಂದ ಬರುವ ವರವಲ್ಲ. ಕಲಿತು ಪಡೆಯುವ ವಿದ್ಯೆ. ಭಾರತದ ಮೊದಲನೆಯ ವೈಮಾನಿಕ ಪರವಾನಗಿಯನ್ನು 1929ರ ಫೆಬ್ರುವರಿ 10ರಂದು ಪಡೆದ ಜೆ. ಆರ್. ಡಿ. ಟಾಟಾ ಅವರೂ ಮುಂಬಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಶಿಷ್ಯರಾಗಿ ಕುಳಿತೇ ಕಲಿತವರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರಕಾರೀ ಹಾರಾಟ ಶಾಲೆಯಲ್ಲಿ ಕಲಿತು 1949ರಲ್ಲಿ ತೇರ್ಗಡೆಯಾದ ಉಷಾ ಸುಂದರಂ ಅವರು, 1951ರಲ್ಲಿ ಪತಿಯೊಡನೆ ಇಂಗ್ಲೆಂಡಿನಿಂದ ಮುಂಬಯಿಗೆ ವಿಮಾನವನ್ನು ನಡೆಸಿಕೊಂಡು ಬಂದರು.

ಮೊದಲ ಪಾಠವನ್ನು ನಮ್ಮ ಖಾಡಿಯಲ್ಲಿಯೇ ಕಾಣಬಹುದು. ಚಳಿಗಾಲದಲ್ಲಿ ಐರೋಲಿಯ ಕಡೆ ಹೋದರೆ ಫ್ಲೆಮಿಂಗೋ ಹಕ್ಕಿಗಳ ಹಿಂಡುಗಳು ಕಾಣುತ್ತವೆ. ಅವು ನಿಂತಲ್ಲಿಂದ ಥಟ್ಟನೆ ಏಳುವುದಿಲ್ಲ. ಗಾಳಿಗೆ ಎದುರಾಗಿ ಓಡಿ, ರೆಕ್ಕೆ ಬಡಿದು ಮೇಲೇರುತ್ತವೆ. ವಿಮಾನದ ರೀತಿಯೂ ಅದೇ. ರೆಕ್ಕೆಯ ಮೇಲೆ ಗಾಳಿ ವೇಗವಾಗಿ ಹರಿದಾಗ ಎತ್ತುವ ಬಲವುಂಟಾಗುತ್ತದೆ. ಎದುರುಗಾಳಿಯಿದ್ದರೆ ಕಡಿಮೆ ಓಟವೇ ಸಾಕು. ಆದುದರಿಂದ ಎದುರುಗಾಳಿಯನ್ನು ಶತ್ರುವೆಂದು ಬಗೆಯಬೇಡಿರಿ.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. ವಿಮಾನದ ಮೂಗನ್ನು ಅತಿಯಾಗಿ ಎತ್ತಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು, ಎತ್ತುವ ಬಲ ಕುಗ್ಗಿ, ವಿಮಾನ ಕುಸಿಯತೊಡಗುತ್ತದೆ. ಇದಕ್ಕೆ ‘ಸ್ಟಾಲ್’ ಎಂದು ಹೆಸರು. ಬೀಳುತ್ತಿದ್ದೇನೆಂದು ಹೆದರಿದ ಹೊಸಬನು ಮೂಗನ್ನು ಇನ್ನೂ ಮೇಲಕ್ಕೆಳೆಯುತ್ತಾನೆ. ಅದರಿಂದ ಅಪಾಯ ಹೆಚ್ಚುತ್ತದೆ. ಕಲಿತವನು ಮೂಗನ್ನು ಕೆಳಗಿಳಿಸಿ, ಗಾಳಿಯ ಹರಿವನ್ನು ಮರಳಿ ಪಡೆದು, ಆಮೇಲೆ ಏರುತ್ತಾನೆ. ಭಯವು ಹೇಳಿದಂತೆ ಕೇಳದೆ ತಿಳಿವು ಹೇಳಿದಂತೆ ಕೈಯನ್ನು ಪಳಗಿಸುವುದೇ ಹಾರಾಟದ ಶಿಕ್ಷಣ. ಅದಕ್ಕಾಗಿಯೇ ಗುರುವು ಜೊತೆಗಿದ್ದು ಇದನ್ನು ಸಾಕಷ್ಟು ಎತ್ತರದಲ್ಲಿ ಮತ್ತೆ ಮತ್ತೆ ಮಾಡಿಸುತ್ತಾನೆ.

ಭೂಮಿಗಿಳಿಯುವ ವಿದ್ಯೆ ಹಲವರಿಗೆ ತಡವಾಗಿ ಕೈಗೂಡುತ್ತದೆ. ಅದರಿಂದ ಎದೆಗುಂದಬಾರದು. ಅಂದಾಜು ತಪ್ಪಿದಾಗ ಹಟ ಹಿಡಿದು ಇಳಿಯದೆ, ಪುನಃ ಮೇಲೇರಿ ಸುತ್ತಿ ಬರುವುದು ಅಪಮಾನವಲ್ಲ, ವಿವೇಕ. ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು; ಒಂದೊಂದು ಹಾರಾಟವನ್ನೂ ಲಾಗ್‌ಬುಕ್ಕಿನಲ್ಲಿ ಸತ್ಯವಾಗಿ ಬರೆಯಬೇಕು.

ಇನ್ನು ಭಾಷೆಯ ಮಾತು. ವಿಮಾನಕ್ಕೆ ಯಾವ ಭಾಷೆಯೂ ತಿಳಿಯದು. ಅದು ಪ್ರಕೃತಿನಿಯಮವನ್ನು ಮಾತ್ರ ಬಲ್ಲುದು. ಆ ನಿಯಮವನ್ನು ಕನ್ನಡದಲ್ಲಿ ಚೆನ್ನಾಗಿ ಅರಿತವರಿಗೆ ಕೊರತೆಯೇನೂ ಇಲ್ಲ. ಆದರೆ ರೇಡಿಯೋ ಸಂಭಾಷಣೆಗೆ ಇಂಗ್ಲಿಷು ಅವಶ್ಯ, ಅದಕ್ಕೆ ಪರೀಕ್ಷೆಯೂ ಉಂಟು. ಅದನ್ನು ಇಂದಿನಿಂದಲೇ ಶ್ರದ್ಧೆಯಿಂದ ಕಲಿಯಿರಿ.

ಖಾಸಗಿ ಶಿಕ್ಷಣಕ್ಕೆ ಲಕ್ಷಾಂತರ ರೂಪಾಯಿ ವೆಚ್ಚವಾಗುವುದು ನಿಜ. ಆದರೆ ಪುಣೆಯ ಬಳಿಯ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ವಾಯುಸೇನೆಯನ್ನು ಸೇರುವವರಿಗೆ ಸರಕಾರವೇ ಶಿಕ್ಷಣ ಕೊಡುತ್ತದೆ. 2022ರಿಂದ ಅಲ್ಲಿ ಬಾಲಿಕೆಯರಿಗೂ ಪ್ರವೇಶವಿದೆ. ಹನ್ನೆರಡನೆಯ ತರಗತಿಯ ಗಣಿತ, ಭೌತಶಾಸ್ತ್ರಗಳೇ ಆ ಬಾಗಿಲಿನ ಕೀಲಿಕೈ.

ಆದುದರಿಂದ ತಪ್ಪಿದ ಲೆಕ್ಕವನ್ನು ಮುಚ್ಚಿಡದೆ ಗುರುಗಳಿಗೆ ತೋರಿಸಿ ತಿದ್ದಿಕೊಳ್ಳಿರಿ. ಹಾರಲು ಕಲಿಯುವವನ ಮೊದಲ ಓಟ ಶಾಲೆಯ ಬೆಂಚಿನಿಂದಲೇ ಆರಂಭವಾಗುತ್ತದೆ.